ಹದಿನಾರು ಮಿಲಿವ್ಯಾಟ್‌ನಲ್ಲಿ ಚೆಂಡೆ

ನೂರು ವ್ಯಾಟ್ ವಿದ್ಯುತ್ತನ್ನು ಒಂದು ಸಾಮಾನ್ಯ ಸ್ಪೀಕರಿಗೆ ಉಣಿಸಿ ನೋಡಿ. ಅದರಲ್ಲಿ ಸದ್ದಾಗಿ ಹೊರಬರುವುದು ಎಷ್ಟು ಗೊತ್ತೇ? ಒಂದು ವ್ಯಾಟ್‌ನ ಕಾಲುಭಾಗಕ್ಕಿಂತಲೂ ಕಡಿಮೆ! ಉಳಿದ ತೊಂಬತ್ತೊಂಬತ್ತು ಮುಕ್ಕಾಲು ವ್ಯಾಟ್ ಪೆಟ್ಟಿಗೆಯೊಳಗಿನ ತಾಮ್ರದ ಸುರುಳಿಯನ್ನು ಬಿಸಿ ಮಾಡಿ ಮುಗಿದುಹೋಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು, ಪಾಲಿಶ್ ಹೊಡೆದ ಪೆಟ್ಟಿಗೆ ತಂದು, ಮಂಗಳಾರತಿ ಒಂದನ್ನು ಬಿಟ್ಟು ಉಳಿದೆಲ್ಲ ಮಾಡಿ ಚಾವಡಿಯಲ್ಲಿ ಕೂರಿಸುತ್ತೇವಲ್ಲ, ಅದು ತನ್ನ ಆಯುಷ್ಯದ ಬಹುಪಾಲನ್ನು ತಾಮ್ರ ಕಾಯಿಸುವುದರಲ್ಲೇ ಕಳೆಯುತ್ತದೆ. ಇದು ತಿಳಿದ ಮೇಲೆ ಯಾವ ಅಂಗಡಿಯಲ್ಲಿ ಯಾರು ‘ಐನೂರು ವ್ಯಾಟ್ ಉಂಟು ಸಾರ್’ ಅಂದರೂ ನನಗೆ ನಗು ಬರುತ್ತದೆ.

ಹಾಗಾದರೆ ನೋಡಬೇಕಾದ್ದು ಯಾವ ಅಂಕಿ? ಸ್ಪೀಕರಿನ ಬೆನ್ನಿನಲ್ಲೋ ಕೈಪಿಡಿಯ ಕೊನೆಯ ಪುಟದಲ್ಲೋ ಇರುವೆಯ ಗಾತ್ರದ ಅಕ್ಷರದಲ್ಲಿ ಇರುತ್ತದೆ: ಸೆನ್ಸಿಟಿವಿಟಿ, ಇಷ್ಟು ಡೆಸಿಬೆಲ್. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಜೋರಾಗಿ ಕೇಳುತ್ತದೆ ಎಂಬ ಲೆಕ್ಕ ಅದು. ಕೊಟ್ಟ ವಿದ್ಯುತ್ತೆಲ್ಲ ಒಂದಿಷ್ಟೂ ಸೋರದೆ ಸದ್ದಾಗಿ ಎದುರಿನ ಅರ್ಧ ಗೋಳದಷ್ಟು ಜಾಗಕ್ಕೆ ಹರಡಿದರೆ ಈ ಅಂಕಿ 112. ಇನ್ನು ಕೆಳಕ್ಕೆ ಇಳಿಯಿರಿ. 92 ಡೆಸಿಬೆಲ್ ಅಂದರೆ ನೂರಕ್ಕೆ ಒಂದು ಪಾಲು ಮಾತ್ರ ಸದ್ದು. 85 ಅಂದರೆ ಸಾವಿರಕ್ಕೆ ಎರಡು. ಮೇಲಕ್ಕೆ ಹತ್ತಿದರೆ, 98ರಲ್ಲಿ ನೂರಕ್ಕೆ ನಾಲ್ಕು. ಈ ಅಂಕಿಗಳು ಪಕ್ಕಪಕ್ಕದಲ್ಲಿ ಸಾಧುವಾಗಿ ಕೂತಂತೆ ಕಾಣುತ್ತವೆ; 85ಕ್ಕೂ 98ಕ್ಕೂ ಏನು ಮಹಾ ವ್ಯತ್ಯಾಸ, ಹದಿಮೂರು ಅಷ್ಟೇ ತಾನೆ ಅನ್ನಿಸುತ್ತದೆ. ಆದರೆ ಪ್ರತಿ ಮೂರು ಡೆಸಿಬೆಲಿಗೆ ವ್ಯಾಟ್ ಇಮ್ಮಡಿಯಾಗಬೇಕು, ಹತ್ತು ಡೆಸಿಬೆಲಿಗೆ ಹತ್ತು ಪಟ್ಟು. ಆ ಹದಿಮೂರರೊಳಗೆ ಇಪ್ಪತ್ತು ಪಟ್ಟು ಅಡಗಿ ಕೂತಿದೆ!

ಈ ಲೆಕ್ಕವನ್ನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಮಾಡಿದರೆ ಅದು ಬರೀ ಗಣಿತ. ನೆರಿಯಕ್ಕೆ ತಂದು ಮಾಡಿ ನೋಡಿ, ಮಾರಾಯ್ರೆ.

ಉಜಿರೆಯಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೋಗುವಾಗ ಕಕ್ಕಿಂಜೆಯಲ್ಲಿ ಒಳಕ್ಕೆ ತಿರುಗಿದರೆ ಬೆಳ್ತಂಗಡಿ ತಾಲ್ಲೂಕಿನ ಈ ಊರು. ಅಡಿಕೆ ತೋಟ, ರಬ್ಬರ್ ತೋಟ, ಹಿಂದೆ ಘಟ್ಟದ ಗೋಡೆ. ವರ್ಷಕ್ಕೆ 4,000 ಮಿಲಿಮೀಟರ್ ದಾಟುವ ಮಳೆಯ ಸೀಮೆ. ಮಂಗಳೂರಿನಿಂದ ಹಾಸನ ದಾಟಿ ಬೆಂಗಳೂರಿಗೆ ಪೆಟ್ರೋಲು, ಡೀಸೆಲು ಸಾಗಿಸುವ ಪೆಟ್ರೊನೆಟ್ ಕೊಳವೆಮಾರ್ಗಕ್ಕೆ ಘಟ್ಟ ಹತ್ತುವ ಬಲ ಕೊಡುವ ಪಂಪಿಂಗ್ ಸ್ಟೇಷನ್ ಇರುವುದೂ ಇದೇ ನೆರಿಯದಲ್ಲಿ. ಇಂಧನವನ್ನು ಬೆಟ್ಟದ ಮೇಲಕ್ಕೆ ತಳ್ಳುವ ದೈತ್ಯ ಯಂತ್ರಗಳ ಅದೇ ಊರಿನ ತೋಟದ ಮನೆಯಲ್ಲಿ ನಾವು ಮಿಲಿವ್ಯಾಟಿನ ಲೆಕ್ಕ ಹಾಕಲು ಕೂತಿದ್ದೇವೆ ಅನ್ನುವುದೇ ಒಂದು ಮಜಾ.

ಲೆಕ್ಕ ಹೀಗೆ. ಚಾವಡಿಯಲ್ಲಿ ಸ್ಪೀಕರಿನಿಂದ ಮೂರು ಮೀಟರ್ ದೂರ ಕೂತು ಯಕ್ಷಗಾನದ ಧ್ವನಿಮುದ್ರಿಕೆ ಕೇಳುತ್ತಿದ್ದೀರಿ. ಸರಾಸರಿ 75 ಡೆಸಿಬೆಲ್ ಸಾಕು, ಹಿತವಾಗಿರುತ್ತದೆ. ಆದರೆ ಚೆಂಡೆಯ ಪೆಟ್ಟು ಸರಾಸರಿ ಗಿರಾಸರಿ ಕೇಳುವುದಿಲ್ಲ; ಅದು ಕಣ್ಣು ಮಿಟುಕಿಸುವ ಮೊದಲೇ 20 ಡೆಸಿಬೆಲ್ ಮೇಲಕ್ಕೆ ಹಾರಿ ಇಳಿದಿರುತ್ತದೆ. ದೂರದಿಂದಾಗಿ ಕಳೆದುಹೋಗುವುದಕ್ಕೆ, ಎರಡು ಸ್ಪೀಕರು ಮತ್ತು ಗೋಡೆಗಳ ಸಹಾಯವನ್ನೂ ಹಿಡಿದು, ಐದು ಡೆಸಿಬೆಲ್ ಸೇರಿಸೋಣ. ಈಗ 98 ಡೆಸಿಬೆಲಿನ ಸ್ಪೀಕರಿಗೆ ಭಾಗವತರ ಪದ್ಯ ಸಾಗುವಾಗ ಬೇಕಾಗುವುದು 16 ಮಿಲಿವ್ಯಾಟ್. ಹೌದು, ಒಂದು ವ್ಯಾಟಿನ ಅರವತ್ತನೇ ಒಂದು ಪಾಲು! ಚೆಂಡೆ ಬಿದ್ದಾಗ ಒಂದೂವರೆ ವ್ಯಾಟ್ ಸ್ವಲ್ಪ ಮಿಕ್ಕಿ. ಅದೇ 85 ಡೆಸಿಬೆಲಿನದ್ದಾದರೆ ಪದ್ಯಕ್ಕೆ ಒಂದು ವ್ಯಾಟಿನ ಮೂರನೇ ಒಂದು ಭಾಗ, ಚೆಂಡೆಗೆ 32 ವ್ಯಾಟ್. ಇಷ್ಟಾದರೆ ಎರಡೂ ನಡೆಯುತ್ತವೆ.

ಈಗ ಮಳೆ ಸುರಿಯಲಿ.

ಟೆರೇಸಿನ ಮೇಲೆ ತಗಡಿನ ಶೀಟು ಹಾಕಿಸಿದ ಮನೆಯಲ್ಲಿ ಜೂನ್ ತಿಂಗಳ ಸಂಜೆ ಕೂತವರಿಗೆ ಗೊತ್ತು, ಎದುರಿಗಿದ್ದವರು ‘ಚಾ ಕುಡೀತೀರಾ’ ಅಂತ ಕೇಳಿದ್ದೂ ಕೇಳಿಸುವುದಿಲ್ಲ. ಆ ಸದ್ದನ್ನು ಮೀರಲು ಹತ್ತೇ ಹತ್ತು ಡೆಸಿಬೆಲ್ ಏರಿಸಿದಿರಿ ಅಂದುಕೊಳ್ಳಿ. ಎಲ್ಲವೂ ಹತ್ತು ಪಟ್ಟು. 98ರ ಸ್ಪೀಕರಿಗೆ ಚೆಂಡೆಯ ಹೊತ್ತಿಗೆ 16 ವ್ಯಾಟ್, ನಕ್ಕೊಂಡು ಕೊಡುತ್ತದೆ. 85ರದ್ದಕ್ಕೆ 316 ವ್ಯಾಟ್! ಅಷ್ಟು ಕೊಡುವ ಆಂಪ್ಲಿಫಯರ್ ತಂದರೂ ಆ ಪುಟ್ಟ ಕಾಯಿಲ್ ಎಲ್ಲಿ ತಡೆದೀತು? ತಾಮ್ರದ ಬಿಸಿ ನೂರು ಡಿಗ್ರಿ ಏರಿದರೆ ಅದರ ವಿದ್ಯುತ್ ತಡೆ ನೂರಕ್ಕೆ ನಲವತ್ತರಷ್ಟು ಏರುತ್ತದೆ, ಒಳಹೋಗುವ ವಿದ್ಯುತ್ತು ಅದಕ್ಕೆ ತಕ್ಕಂತೆ ಕುಗ್ಗುತ್ತದೆ, ಚೆಂಡೆ ಚಪ್ಪಟೆಯಾಗಿ ಹಳೇ ಡಬ್ಬ ಬಡಿದ ಹಾಗೆ ಕೇಳುತ್ತದೆ. ಸ್ಪೀಕರು ಹಾಳಾಗಿದೆ ಅಂತ ರಿಪೇರಿಯವರ ಹತ್ತಿರ ಒಯ್ದರೆ, ಅಷ್ಟರಲ್ಲಿ ತಣ್ಣಗಾಗಿ ಸರಿಯಾಗಿಯೇ ಹಾಡುತ್ತದೆ!

ಇನ್ನೊಂದು ಸಂಗತಿ ಉಂಟು. ಘಟ್ಟದ ಬುಡದ ತೋಟಗಳಲ್ಲಿ ಹಲವರು ಗುಡ್ಡದ ತೋಡಿನ ನೀರನ್ನು ಪೈಪಿನಲ್ಲಿ ಇಳಿಸಿ, ಪೆಲ್ಟನ್ ಚಕ್ರ ತಿರುಗಿಸಿ, ಮನೆಯಲ್ಲೇ ವಿದ್ಯುತ್ತು ಮಾಡಿಕೊಳ್ಳುತ್ತಾರೆ. ಪಿಕೋ ಹೈಡ್ರೊ ಅನ್ನುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ಲೈನು ಕಡಿದು ಇಡೀ ಊರು ಕತ್ತಲಾದಾಗಲೂ ಆ ಮನೆಯ ಚಕ್ರ ತಿರುಗುತ್ತಲೇ ಇರುತ್ತದೆ. ಉಳಿದವರ ಮನೆಯಲ್ಲಿ ಸೋಲಾರ್, ಇನ್ವರ್ಟರ್. ವಿದ್ಯುತ್ತನ್ನು ಎಣಿಸಿ ಖರ್ಚು ಮಾಡುವ ಇಂಥ ಮನೆಗಳಿಗಾಗಿಯೇ ಹೈ ಸೆನ್ಸಿಟಿವಿಟಿ ಸ್ಪೀಕರುಗಳನ್ನು ಯಾರೋ ಮಾಡಿಟ್ಟಿದ್ದಾರೋ ಏನೋ ಅನ್ನಿಸುವಷ್ಟು ಜೋಡಿ ಕೂಡುತ್ತದೆ.

ಒಂದು ಬಗೆಯಲ್ಲಿ ಅದು ನಿಜವೂ ಹೌದು. ಈ ಸ್ಪೀಕರುಗಳು ಹುಟ್ಟಿದ್ದೇ ವಿದ್ಯುತ್ತಿನ ಬಡತನದಲ್ಲಿ. ಇಲ್ಲಿಂದ ಕತೆ ರೋಚಕವಾಗುತ್ತದೆ, ನಿಧಾನ ಓದಿ.

ಕಾಗದದ ಕೋನ್ ಎದುರಿನ ಬಯಲ ಗಾಳಿಯಲ್ಲಿ ಹಿಂದೆ ಮುಂದೆ ಆಡುವುದು ಬಯಲಲ್ಲಿ ನಿಂತು ಬರಿ ಮೊರ ಬೀಸಿದ ಹಾಗೆ: ಕೈ ಸೋಲುತ್ತದೆ, ಗಾಳಿ ಪಕ್ಕಕ್ಕೆ ಜಾರುತ್ತದೆ. ಗಾಳಿ ತೀರಾ ಹಗುರ, ಕೋನ್ ಅದಕ್ಕೆ ಹೋಲಿಸಿದರೆ ತೀರಾ ಭಾರ. ಇಬ್ಬರ ನಡುವೆ ಸಂಧಾನಕ್ಕೆ ಬರುವುದೇ ಕಹಳೆಯಾಕಾರ. ಸಣ್ಣ ಬಾಯಿಯಿಂದ ಶುರುವಾಗಿ ನಿಧಾನವಾಗಿ ಅಗಲವಾಗುತ್ತ ಹೋಗುವ ಕೊಳವೆಯಲ್ಲಿ ಗಾಳಿ ಜಾರಿಕೊಳ್ಳಲು ಜಾಗವೇ ಇಲ್ಲ; ಒತ್ತಡ ಕೆಲಸವಾಗುತ್ತದೆ, ಕೆಲಸ ಸದ್ದಾಗುತ್ತದೆ. ಭೂತಕೋಲದಲ್ಲಿ ಕೊಂಬು ಊದುವವರಿಗೆ ಇದು ಗೊತ್ತಿತ್ತು. ತೋಟದ ಆಚೆ ಬದಿಯವರನ್ನು ಕರೆಯಲು ಎರಡೂ ಅಂಗೈಯನ್ನು ಬಾಯಿಗೆ ಒಡ್ಡಿ ‘ಕೂ...’ ಹಾಕುವ ಪ್ರತಿಯೊಬ್ಬರಿಗೂ ಗೊತ್ತು. ಕೀ ಕೊಟ್ಟು ತಿರುಗಿಸುತ್ತಿದ್ದ ಗ್ರಾಮಫೋನಿಗೆ ವಿದ್ಯುತ್ತೇ ಇರಲಿಲ್ಲ. ಮುಳ್ಳಿನ ಕಂಪನವನ್ನು ಮನೆ ತುಂಬಿಸಿದ್ದು ಬರೀ ಆ ಹೂವಿನಾಕಾರದ ಕಹಳೆ!

1915ರಲ್ಲಿ ಡೆನ್ಮಾರ್ಕ್ ಮೂಲದ ಪೀಟರ್ ಜೆನ್ಸೆನ್ ಮತ್ತು ಎಡ್ವಿನ್ ಪ್ರಿಡಮ್ ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ ಸುರುಳಿಯೊಂದಕ್ಕೆ ಗ್ರಾಮಫೋನಿನಂಥ ಕಹಳೆ ಜೋಡಿಸಿ ಮ್ಯಾಗ್ನಾವಾಕ್ಸ್ ಅಂತ ಹೆಸರಿಟ್ಟರು. 1919ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೊದ ಮೈದಾನದಲ್ಲಿ ಸಾವಿರಾರು ಜನರ ಮುಂದೆ ಅದರಲ್ಲಿ ಭಾಷಣ ಮಾಡಿದರು. 1926ರ ಹೊತ್ತಿಗೆ ಬೆಲ್ ಪ್ರಯೋಗಾಲಯದ ವೆಂಟ್ ಮತ್ತು ಥುರಾಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಗುರವಾದ ಲೋಹದ ಹಾಳೆಯ ಮುಂದೆ ಇಕ್ಕಟ್ಟಾದ ಗಾಳಿಕೋಣೆ ಇಟ್ಟು ಅದರಾಚೆಗೆ ಕಹಳೆ ಕೂರಿಸಿದ ವೆಸ್ಟರ್ನ್ ಎಲೆಕ್ಟ್ರಿಕ್ 555 ಯೂನಿಟ್ ಮಾಡಿದರು. ಕೊಟ್ಟ ವಿದ್ಯುತ್ತಿನ ಅರ್ಧದಷ್ಟು ಸದ್ದಾಗಿ ಬರುತ್ತಿತ್ತು. ಅರ್ಧ! ಕೆಲವೇ ವ್ಯಾಟ್ ಕೊಡುವ ವಾಲ್ವ್ ಆಂಪ್ಲಿಫಯರಿನಿಂದ ಇಡೀ ಸಿನಿಮಾ ಮಂದಿರ ಮಾತಾಡಿತು. ನಮ್ಮ ಕಡೆಯ ಜಾತ್ರೆ ಗದ್ದೆಯಲ್ಲಿ ಬಿದಿರಿನ ಕಂಬಕ್ಕೆ ಕಟ್ಟಿದ ಅಹುಜಾ ಮೈಕಿನ ಯೂನಿಟ್ ಉಂಟಲ್ಲ, ಅದು ಇದೇ ವಂಶದ ಕುಡಿ.

ಮೈಕಿನ ಹಾರ್ನು ಯಾಕೆ ಹಾಗೆ ಕೀರಲಾಗಿ ಕೂಗುತ್ತದೆ, ಅದನ್ನು ಮನೆಯೊಳಗೆ ತರುವುದೇ ಅಂತ ಹೌಹಾರಬೇಡಿ. ಅದನ್ನು ಮಾಡಿದ್ದು ಮಾತು ದೂರ ತಲುಪಲಿ ಎಂದು. ತಗ್ಗಿನ ಸ್ವರಗಳು ಅದರಲ್ಲಿ ಇಲ್ಲವೇ ಇಲ್ಲ. ಕಾರಣ ಅದರ ಗಾತ್ರ. ಕಹಳೆ ಯಾವ ಸ್ವರದವರೆಗೆ ಇಳಿಯಬೇಕೋ ಆ ಸ್ವರದ ಅಲೆಯುದ್ದದಷ್ಟು ಅದರ ಬಾಯಿಯ ಸುತ್ತಳತೆ ಇರಬೇಕು. 100 ಹರ್ಟ್ಸಿನ ಅಲೆ ಮೂರೂವರೆ ಮೀಟರ್ ಹತ್ತಿರ. ಬಾಯಿ ಒಂದು ಮೀಟರಿಗೂ ಅಗಲ. 40 ಹರ್ಟ್ಸಿಗೆ ಇಳಿಯುತ್ತೇನೆಂದರೆ ಅಲೆ ಎಂಟೂವರೆ ಮೀಟರ್, ಬಾಯಿ ಎರಡೂಮುಕ್ಕಾಲು ಮೀಟರ್ ಅಗಲ, ಹೆಬ್ಬಾಗಿಲಿನಲ್ಲೂ ತೂರುವುದಿಲ್ಲ.

ಇಲ್ಲಿಯೇ ಅಮೆರಿಕದ ಅರ್ಕನ್ಸಾಸ್ ರಾಜ್ಯದ ಹೋಪ್ ಎಂಬ ಸಣ್ಣ ಊರಿನ ಪಾಲ್ ಕ್ಲಿಪ್ಶ್ ಮಾಡಿದ ಉಪಾಯ ನೋಡಿ, ರೋಮಾಂಚನವಾಗುತ್ತದೆ. ಅವರು ಕಹಳೆಯನ್ನು ಮಡಚಿ ಮಡಚಿ ಪೆಟ್ಟಿಗೆಯೊಳಗೆ ತುಂಬಿದರು, ಆ ಪೆಟ್ಟಿಗೆಯನ್ನು ಕೋಣೆಯ ಮೂಲೆಗೆ ಒತ್ತಿದರು, ಉಳಿದ ಕಹಳೆಯನ್ನು ನಿಮ್ಮ ಮನೆಯ ಎರಡು ಗೋಡೆ ಮತ್ತು ನೆಲದಿಂದಲೇ ಮಾಡಿಸಿಕೊಂಡರು! ಕೋಣೆಯೇ ವಾದ್ಯದ ಭಾಗ. 1946ರಲ್ಲಿ ಶುರುವಾದ ಅವರ ಕಂಪನಿ ಕ್ಲಿಪ್ಶ್‌ಹಾರ್ನನ್ನು ಮಾಡುತ್ತಲೇ ಬಂದಿದೆ, ಸೆನ್ಸಿಟಿವಿಟಿ 105 ಡೆಸಿಬೆಲ್ ಅನ್ನುತ್ತದೆ. ನಮ್ಮ ಹಳೇ ಚಾವಡಿಗಳಿಗೆ ಮಾತ್ರ ಇದರಿಂದ ಪೇಚು: ಎರಡು ಬದಿಗೆ ಗೋಡೆ, ಒಂದು ಬದಿಗೆ ಬರೀ ಕಂಬ, ಆಚೆ ಅಂಗಳ. ಗಟ್ಟಿ ಮೂಲೆ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ, ಸ್ಟೀರಿಯೊಗೆ ಎರಡು ಬೇಕಲ್ಲ.

ಇಷ್ಟು ಒಳ್ಳೆಯದಾಗಿದ್ದರೆ ಜಗತ್ತು ಇದನ್ನು ಬಿಟ್ಟದ್ದೇಕೆ? ಅದಕ್ಕೂ ಒಂದು ಕಬ್ಬಿಣದ ನಿಯಮ ಉಂಟು, ಹಾಫ್‌ಮನ್ ನಿಯಮ. ಪಿಯಾನೊ ವಾದಕ ಜೋಸೆಫ್ ಹಾಫ್‌ಮನ್ನರ ಮಗ ಆಂಟನ್ ಹಾಫ್‌ಮನ್ ಹೇಳಿದ್ದು: ಸಣ್ಣ ಪೆಟ್ಟಿಗೆ, ಆಳದ ಬೇಸ್, ಹೆಚ್ಚು ಸೆನ್ಸಿಟಿವಿಟಿ, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಿ, ಮೂರನೆಯದು ಸಿಗದು. 1954ರಲ್ಲಿ ಎಡ್ಗರ್ ವಿಲ್ಚರ್ ಗಾಳಿಯಾಡದ ಸಣ್ಣ ಪೆಟ್ಟಿಗೆಯಿಂದ ಆಳದ ಬೇಸ್ ತೆಗೆದು ತೋರಿಸಿದಾಗ ಬಲಿಯಾದದ್ದು ಸೆನ್ಸಿಟಿವಿಟಿ. ಮುಂದೆ ಟ್ರಾನ್ಸಿಸ್ಟರ್ ಬಂತು, ವ್ಯಾಟ್ ಅಗ್ಗವಾಯಿತು, ನಗರದ ಮನೆಗಳು ಕಿರಿದಾದವು. ಎಲ್ಲರೂ ಸಣ್ಣ ಪೆಟ್ಟಿಗೆಯ ಹಿಂದೆ ಹೋದರು. ಸರಿ, ಅವರಿಗೆ ಜಾಗ ಇರಲಿಲ್ಲ. ಆದರೆ ನೆರಿಯದ ತೋಟದ ಮನೆಗೆ ಏನು ಕೊರತೆ? ಅಡಿಕೆ ಮೂಟೆ ಪೇರಿಸಿಡುವಷ್ಟು ಚಾವಡಿಯಲ್ಲಿ ನೂರೈವತ್ತು ಲೀಟರಿನ ಎರಡು ಪೆಟ್ಟಿಗೆ ಕಣ್ಣಿಗೂ ಬೀಳುವುದಿಲ್ಲ! ಜಾಗ ಇದ್ದವರೂ ಜಾಗ ಇಲ್ಲದವರ ಸ್ಪೀಕರನ್ನೇ ಕೊಳ್ಳುತ್ತಿದ್ದೇವಲ್ಲ ಅನ್ನುವುದು ನನ್ನ ತಕರಾರು.

ಹಿರಿಯರ ಮನೆಯ ವಾಲ್ವ್ ರೇಡಿಯೊ ನೆನಪಿದೆಯೇ? ಬೆಂಗಳೂರಿನ ಬಿಇಎಲ್ ಕಾರ್ಖಾನೆಯೇ ಇಎಲ್84ರಂಥ ವಾಲ್ವುಗಳನ್ನು ಮಾಡುತ್ತಿದ್ದ ಕಾಲ. ನಾಲ್ಕೈದು ವ್ಯಾಟ್ ಮೀರದ ಆ ಪೆಟ್ಟಿಗೆ ಜಗಲಿಯಲ್ಲಿ ಹಾಡಿದರೆ ಕೊಟ್ಟಿಗೆಯಲ್ಲಿ ಹಾಲು ಕರೆಯುವವರಿಗೂ ಕೇಳುತ್ತಿತ್ತು. ಒಳಗಿದ್ದದ್ದು ಹಗುರ ಕಾಗದದ ಕೋನ್, ದೊಡ್ಡ ಅಯಸ್ಕಾಂತ. ಹೈ ಸೆನ್ಸಿಟಿವಿಟಿ ಅನ್ನುವ ಪದ ಯಾರಿಗೂ ಗೊತ್ತಿಲ್ಲದೆ ಅದು ಮನೆಮನೆಯಲ್ಲಿತ್ತು.

ಈಗ ಕೊಳ್ಳಲು ಏನುಂಟು? ದೂರ ಹೋಗಬೇಕಿಲ್ಲ. ಕರಾವಳಿಯಲ್ಲೇ ದಕ್ಷಿಣಕ್ಕೆ ಇಳಿದರೆ ಕೊಚ್ಚಿಯಲ್ಲಿ ವಾಸ್ತುಶಿಲ್ಪಿ ಜೇಕಬ್ ಜಾರ್ಜ್ ಕಟ್ಟಿದ ರೆದಮ್ ಸಂಸ್ಥೆ ಉಂಟು. ಮೊದಮೊದಲು ಇಂಗ್ಲೆಂಡಿನ ಲೌದರ್ ಯೂನಿಟ್ಟು ಬಳಸಿ, ಆಮೇಲೆ ತಮ್ಮದೇ ಯೂನಿಟ್ಟು ಮಾಡಿ, ಭಾವ, ಮಾರ್ಗ, ಸಾಧನಾ ಎಂದು ಹೆಸರಿಟ್ಟು ಹೊರದೇಶಗಳಿಗೂ ಕಳಿಸುತ್ತಾರೆ. ಅವರ ಉಪಾಯ ಚೆಂದ: ಮಾತು, ವಾದ್ಯಗಳ ಭಾಗವನ್ನೆಲ್ಲ ಒಂದೇ ಹಗುರ ಕೋನ್ ನೋಡಿಕೊಳ್ಳುತ್ತದೆ, ತಗ್ಗಿನ ಸ್ವರಕ್ಕೆ ಪೆಟ್ಟಿಗೆಯೊಳಗೇ ಬೇರೆ ಆಂಪ್ಲಿಫಯರ್. ಹಾಫ್‌ಮನ್ ನಿಯಮಕ್ಕೆ ಹಿಂಬಾಗಿಲಿನಿಂದ ಸಲಾಂ. ಅಷ್ಟು ದುಡ್ಡು ಬೇಡ ಅನ್ನುವವರಿಗೆ ಹನ್ನೆರಡು ಅಥವಾ ಹದಿನೈದು ಇಂಚಿನ ಸಭಾ ಬಳಕೆಯ ಯೂನಿಟ್ಟು, ಮೇಲೊಂದು ಹಾರ್ನು ಇರುವ ಎರಡು ದಾರಿಯ ಪೆಟ್ಟಿಗೆ. ನನ್ನ ಆಯ್ಕೆ ಇದೇ. 105ರ ಹುಚ್ಚು ಬೇಡ, 94ರಿಂದ 98 ಸಾಕು. ಅಂಕಿ ಓದುವಾಗ ಒಂದು ಕಣ್ಣು ಅದರ ಪಕ್ಕದಲ್ಲಿ ಇಡಿ: ‘2.83 ವೋಲ್ಟಿಗೆ’ ಅಂತ ಬರೆದು ಸ್ಪೀಕರು ನಾಲ್ಕು ಓಮಿನದ್ದಾಗಿದ್ದರೆ ಅವರು ಒಂದರ ಬದಲು ಎರಡು ವ್ಯಾಟ್ ಕೊಟ್ಟು ಅಳೆದಿದ್ದಾರೆ. ಮೂರು ಡೆಸಿಬೆಲ್ ಕಳೆದು ಓದಿಕೊಳ್ಳಿ.

ಹಾರ್ನು ಸದ್ದನ್ನು ಒಂದು ದಿಕ್ಕಿಗೆ ಎಸೆಯುತ್ತದೆ. ವಿಟ್ರಿಫೈಡ್ ಟೈಲ್ಸ್ ಹಾಕಿ ಗಣಗಣ ಅನ್ನುವ ಹೊಸ ಮನೆಗೆ ಇದು ವರ, ಗೋಡೆಗೆ ಬಡಿದು ವಾಪಸು ಬರುವ ಸದ್ದು ಕಡಿಮೆ. ಆದರೆ ರಾತ್ರಿ ಚಾಲಿ ಅಡಿಕೆ ಸುಲಿಯುತ್ತ ತಾಳಮದ್ದಳೆ ಕೇಳುವ ಮನೆಯಲ್ಲಿ ಎಲ್ಲರೂ ಸ್ಪೀಕರಿನ ಎದುರು ಸಾಲಾಗಿ ಕೂರುತ್ತಾರೆಯೇ? ಒಬ್ಬರು ಕಂಬದ ಬಳಿ, ಇಬ್ಬರು ಮೆಟ್ಟಿಲಲ್ಲಿ. ತೊಂಬತ್ತು ಡಿಗ್ರಿ ಹರಡುವ ಅಗಲ ಹಾರ್ನು ತೆಗೆದುಕೊಳ್ಳಿ.

ಮಳೆಗಾಲ ಸ್ಪೀಕರನ್ನೂ ತಿನ್ನುತ್ತದೆ. ಕೋನಿನ ಸುತ್ತಲಿನ ಪಟ್ಟಿ ಫೋಮಿನದ್ದಾದರೆ ತೇವಕ್ಕೆ ಕೆಲವೇ ವರ್ಷಗಳಲ್ಲಿ ಪುಡಿಪುಡಿ. ರಬ್ಬರ್ ಪಟ್ಟಿ ಬಾಳಿಕೆಯದ್ದು, ಆದರೆ ಭಾರ, ಸೆನ್ಸಿಟಿವಿಟಿ ಕುಗ್ಗಿಸುತ್ತದೆ. ಸುತ್ತ ರಬ್ಬರ್ ತೋಟವೇ ಇರುವ ಊರಿನಲ್ಲಿ ಹೇಳುತ್ತಿದ್ದೇನೆ, ಬಟ್ಟೆಯ ಪಟ್ಟಿಯನ್ನೇ ಆರಿಸಿ: ಸಭಾ ಯೂನಿಟ್ಟುಗಳಲ್ಲಿ ನಿರಿಗೆ ನಿರಿಗೆಯಾಗಿ ಇರುತ್ತದಲ್ಲ, ಅದು. ಪೆಟ್ಟಿಗೆಗೆ ಎಂಡಿಎಫ್ ಬೇಡ, ಊದಿಕೊಳ್ಳುತ್ತದೆ. ಮರೀನ್ ಪ್ಲೈವುಡ್ ಇರಲಿ. ತೋಟದ್ದೇ ಹಲಸಿನ ಹಲಗೆ ಉಂಟಲ್ಲ ಅನ್ನುತ್ತೀರಿ. ಚೆಂಡೆಯ ಮರದ ಒಡಲಿಗೆ ಹಲಸು ಒಳ್ಳೆಯದು, ಅದು ಮೊಳಗಬೇಕು. ಸ್ಪೀಕರಿನ ಪೆಟ್ಟಿಗೆ ಬಾಯಿಮುಚ್ಚಿಕೊಂಡಿರಬೇಕು. ಮೇ ತಿಂಗಳ ಗುಡುಗು ಶುರುವಾದರೆ ಪ್ಲಗ್ಗು ಕೀಳುವುದನ್ನು ಇಲ್ಲಿಯವರಿಗೆ ನಾನು ಹೇಳಿಕೊಡಬೇಕಿಲ್ಲ.

ಆಂಪ್ಲಿಫಯರನ್ನು ಕೊನೆಗೆ ಕೊಳ್ಳಿ, ಸಣ್ಣದನ್ನೇ ಕೊಳ್ಳಿ. ಇನ್ವರ್ಟರಿನ 12 ವೋಲ್ಟ್ ಬ್ಯಾಟರಿಗೇ ನೇರವಾಗಿ ಜೋಡಿಸಬಹುದಾದ ಅಂಗೈಯಗಲದ ಕ್ಲಾಸ್-ಡಿ ಬೋರ್ಡುಗಳು ಎಂಟು ಓಮಿಗೆ ಹೆಚ್ಚೆಂದರೆ ಒಂಬತ್ತು ವ್ಯಾಟ್ ಕೊಟ್ಟಾವು. 98ರ ಸ್ಪೀಕರಿಗೆ ಅದು ಒಂದು ಮೀಟರಿನಲ್ಲಿ 107 ಡೆಸಿಬೆಲ್! ಲೈನು ಹೋದ ರಾತ್ರಿ, ಬ್ಯಾಟರಿಯಿಂದ! ಬಣ್ಣದ ಬೆಳಕಿನ ವಾಲ್ವ್ ಆಂಪ್ಲಿಫಯರಿನ ಆಸೆ ನನಗೂ ಉಂಟು, ಆದರೆ 300ಬಿ ವಾಲ್ವಿನ ಎಂಟು ವ್ಯಾಟಿಗಾಗಿ ಅದು ಗೋಡೆಯಿಂದ ನೂರರ ಆಸುಪಾಸು ಹೀರುತ್ತದೆ. ಪೆಲ್ಟನ್ ಚಕ್ರ ಇದ್ದವರು ತರಲಿ. ಎಚ್ಚರ ಒಂದೇ: ಸೆನ್ಸಿಟಿವ್ ಸ್ಪೀಕರು ಆಂಪ್ಲಿಫಯರಿನ ಸುಯ್ಯೆನ್ನುವ ಸದ್ದನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿಸುತ್ತದೆ. ಮಳೆ ನಿಂತ ರಾತ್ರಿ, ಹಾಡು ಹಾಕದೆ, ವಾಲ್ಯೂಮ್ ಅರ್ಧ ಇಟ್ಟು ಕಿವಿಗೊಡಿ. ಕೂತ ಜಾಗಕ್ಕೆ ಕೇಳಿದರೆ ಆ ಆಂಪ್ಲಿಫಯರ್ ವಾಪಸು.

ಪರೀಕ್ಷೆಗೆ ಏನು ಹಾಕುವುದು? ಈ ಸೀಮೆಯಲ್ಲೇ ಬೇಕಾದಷ್ಟು ಉಂಟು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಹುಟ್ಟಿ, ಅರಮನೆಯ ಬ್ಯಾಂಡಿನ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ತನಕ ಒಯ್ದ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಹಾಕಿ. ಅದೇ ಒಂದು ಕಹಳೆ. ಗಮಕದ ಜಾರಿಕೆ ಎಲ್ಲೂ ತುಂಡಾಗದೆ ಬರಬೇಕು. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿ 2023ರಲ್ಲಿ ಅಗಲಿದ ಬಲಿಪ ನಾರಾಯಣ ಭಾಗವತರ ಏರುದನಿ ಇನ್ನೂ ಕಠಿಣ ಪರೀಕ್ಷೆ. ಹಗುರ ಕೋನಿನ ಕೆಲವು ಸ್ಪೀಕರುಗಳು ಎರಡರಿಂದ ನಾಲ್ಕು ಸಾವಿರ ಹರ್ಟ್ಸಿನ ನಡುವೆ ಕಿರುಚುತ್ತವೆ, ಆ ದನಿ ಅಲ್ಲಿಯೇ ಚುಚ್ಚುತ್ತದೆ. ಚುಚ್ಚಿದರೆ ಸ್ಪೀಕರು ಬೇಡ, ಭಾಗವತರದ್ದು ತಪ್ಪಲ್ಲ! ಮಾತಿಗೆ ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯ ಅರ್ಥಗಾರಿಕೆ. ಅವರು ದನಿ ತಗ್ಗಿಸಿ ಆಡಿದ ವ್ಯಂಗ್ಯ ವಾಲ್ಯೂಮ್ ಏರಿಸದೆ ಕೊನೆಯ ಮೆಟ್ಟಿಲಿನವರಿಗೂ ಮುಟ್ಟಬೇಕು.

ಇದನ್ನೆಲ್ಲ ಷೋರೂಮಿನ ಏಸಿ ಕೋಣೆಯಲ್ಲಿ ಕೇಳಿ ಪ್ರಯೋಜನ ಇಲ್ಲ. ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಊರಿನ ಸೌಂಡ್ಸಿನವರ ಹನ್ನೆರಡು ಇಂಚಿನ ಪೆಟ್ಟಿಗೆಗಳು ಗೋಡೌನಿನಲ್ಲಿ ಸುಮ್ಮನೆ ಕೂತಿರುತ್ತವೆ. ಮಳೆ ಹಿಡಿಯುವುದೂ ಅದೇ ಹೊತ್ತಿಗೆ. ಒಂದು ಜೋಡಿಯನ್ನು ಒಂದು ರಾತ್ರಿಗೆ ಬಾಡಿಗೆಗೆ ತಂದು, ನಿಮ್ಮದೇ ಶೀಟಿನ ಮಾಡಿನ ಕೆಳಗೆ, ಸಣ್ಣ ಬ್ಯಾಟರಿ ಆಂಪ್ಲಿಫಯರಿಗೆ ಜೋಡಿಸಿ ಕೇಳಿ; ಆಮೇಲೆ ದುಡ್ಡಿನ ಮಾತು. ಬೇಗ ವಿಚಾರಿಸಿ, ಚೌತಿ ಹತ್ತಿರ ಬಂದರೆ ಎಲ್ಲ ಪೆಟ್ಟಿಗೆಗಳೂ ಗಣಪತಿ ಪೆಂಡಾಲಿಗೆ ಬುಕ್ಕಾಗಿರುತ್ತವೆ.